ಹೆಸರು ತಿಳಿಯದ ಜೋಡಿಯನ್ನು ಕೂಡಿಸಬೇಡಿ

ಯಾದಗಿರಿಯ ಪದವಿ ವಿದ್ಯಾರ್ಥಿಯೊಬ್ಬರು ಕಲಬುರಗಿಯ ನಮ್ಮ ಕಚೇರಿಗೆ ಬರೆದಿರುವ ಪತ್ರದ ಸಾರಾಂಶ ಇಂತಿದೆ: ‘ಕೆಲವು ವರ್ಷಗಳಿಂದ ನಾನೊಂದು ಹೆಣ್ಣು ಟರಾಂಟುಲಾ ಜೇಡವನ್ನು ಸಾಕಿದ್ದೇನೆ. ಮಾರಿದವರು ಅದನ್ನು ಮೆಕ್ಸಿಕನ್ ರೆಡ್ ನೀ ಎಂದಷ್ಟೇ ಹೇಳಿ ಕೊಟ್ಟಿದ್ದರು. ಅದು ಬ್ರಾಕಿಪೆಲ್ಮಾ ಹಮೋರಿ ಎಂಬ ಪ್ರಭೇದ ಇರಬಹುದೆಂದು ಈಚೆಗೆ ಒಬ್ಬರು ಹೇಳಿದರು. ಹೈದರಾಬಾದಿನ ಗೆಳೆಯನ ಹತ್ತಿರ ಪ್ರಾಯಕ್ಕೆ ಬಂದ ಗಂಡು ಇದೆ, ಅದರ ಡಬ್ಬಿಯ ಮೇಲೆ ಬ್ರಾಕಿಪೆಲ್ಮಾ ಸ್ಮಿಥಿ ಎಂದು ಬರೆದಿದೆ. ಅವನು ಅದನ್ನು ಬಸ್ಸಿನ ಪಾರ್ಸಲ್‌ನಲ್ಲಿ ಕಳಿಸುತ್ತೇನೆ ಎನ್ನುತ್ತಿದ್ದಾನೆ. ನೋಡಲು ಎರಡೂ ಒಂದೇ ಥರ ಇವೆ, ಕೂಡಿಸಬಹುದೇ? ನಮ್ಮ ಭಾಗದ ದೇವಣಿ ದನವೇ ಬೆರಕೆಯಿಂದ ಬಂದ ತಳಿ ಎನ್ನುತ್ತಾರೆ. ಹೀಗಿರುವಾಗ ಜೇಡಕ್ಕೆ ಮಾತ್ರ ಈ ಮಡಿ ಏಕೆ? ಕೂಡಿಸದೆ ಬಿಟ್ಟರೆ ಹೆಣ್ಣಿಗೆ ತೊಂದರೆಯಾಗುವುದಿಲ್ಲವೇ?’

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಪತ್ರದಲ್ಲಿ ಕಾಣುವ ಅವಸರವೆಲ್ಲ ಅದರಿಂದಲೇ ಹುಟ್ಟಿದಂತಿದೆ. ಗಂಡಿನ ಸಂಗವಿಲ್ಲದ ಹೆಣ್ಣು ಟರಾಂಟುಲಾ ಕಾಯಿಲೆ ಬೀಳುವುದಿಲ್ಲ. ತಿಂದು, ಕಾಲಕಾಲಕ್ಕೆ ಪೊರೆ ಕಳಚಿ, ತನ್ನ ಪಾಡಿಗೆ ತಾನು ಬದುಕುತ್ತದೆ. ಅದರ ಶಕ್ತಿಯನ್ನು ಹೀರುವುದೇನಿದ್ದರೂ ಮೊಟ್ಟೆ ಇಡುವ ಮತ್ತು ಮೊಟ್ಟೆಚೀಲವನ್ನು ವಾರಗಟ್ಟಲೆ ಕಾಯುವ ಕೆಲಸ. ನಿಮ್ಮಲ್ಲಿರುವ ಬಗೆಯ ಹೆಣ್ಣುಗಳು ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ದಾಟಿ ಬದುಕುತ್ತವೆ. ಗಂಡಿನ ಲೆಕ್ಕ ಬೇರೆ. ಕೊನೆಯ ಪೊರೆ ಕಳಚಿ ಪ್ರಾಯಕ್ಕೆ ಬಂದ ಮೇಲೆ ಅದರ ಆಯುಷ್ಯ ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸು. ಹೀಗಾಗಿ ಅವಸರವಿರುವುದು ಹೈದರಾಬಾದಿನ ಗಂಡಿಗೆ, ನಿಮ್ಮ ಹೆಣ್ಣಿಗಲ್ಲ. ‘ಇದು ಸಾಯುವುದರೊಳಗೆ ಎಲ್ಲಾದರೂ ಒಂದು ಕಡೆ ಕೂಡಿಸಿಬಿಡೋಣ’ ಎಂಬ ಯೋಚನೆಯೇ ಬಹಳಷ್ಟು ತಪ್ಪು ಜೋಡಿಗಳಿಗೆ ಮೂಲ ಎಂದು ನನ್ನ ಅಭಿಪ್ರಾಯ.

ಮುಖ್ಯ ಪ್ರಶ್ನೆಗೆ ನನ್ನ ಉತ್ತರ, ಕೂಡಿಸಬೇಡಿ ಎಂಬುದೇ. ಎರಡು ಜೇಡಗಳ ಹೆಸರೂ ಖಚಿತವಾಗುವವರೆಗೆ ಕೂಡಿಸಬೇಡಿ. ಖಚಿತವಾದ ಮೇಲೆ ಅವು ಬೇರೆ ಬೇರೆ ಎಂದು ತಿಳಿದುಬಂದರೆ ಆಗಲೂ ಬೇಡ.

ಈ ಎರಡು ಹೆಸರುಗಳ ಗೊಂದಲಕ್ಕೆ ಒಂದು ಹಿನ್ನೆಲೆಯಿದೆ. ಸ್ಮಿಥಿಯನ್ನು ಪಿಕಾರ್ಡ್-ಕೇಂಬ್ರಿಜ್ ಎಂಬ ವಿಜ್ಞಾನಿ 1897ರಲ್ಲಿಯೇ ವಿವರಿಸಿದ್ದರು. ಹಮೋರಿಗೆ ಪ್ರತ್ಯೇಕ ಪ್ರಭೇದವೆಂದು ಹೆಸರು ಬಂದದ್ದು ಸರಿಯಾಗಿ ನೂರು ವರ್ಷಗಳ ನಂತರ, 1997ರಲ್ಲಿ. ಆ ಹೊತ್ತಿಗಾಗಲೇ ಅಮೆರಿಕ ಮತ್ತು ಯುರೋಪಿನ ಸಾಕಣೆದಾರರು ಕೆಂಪು ಮೊಣಕಾಲಿನ ಜೇಡಗಳನ್ನೆಲ್ಲ ಸ್ಮಿಥಿ ಎಂದೇ ಕರೆದು, ಅದೇ ಹೆಸರಿನಲ್ಲಿ ಕೂಡಿಸಿ, ಮರಿಗಳನ್ನು ಜಗತ್ತಿನ ತುಂಬ ಹಂಚಿಬಿಟ್ಟಿದ್ದರು. 2017ರಲ್ಲಿ ಮೆಂಡೋಜಾ ಮತ್ತು ಫ್ರಾಂಕೆ ಎಂಬ ಸಂಶೋಧಕರು ಅಂಗರಚನೆ ಮತ್ತು ಡಿಎನ್‌ಎ ಎರಡನ್ನೂ ಮುಂದಿಟ್ಟುಕೊಂಡು ಮೆಕ್ಸಿಕೋದ ಈ ಜೇಡಗಳನ್ನು ಮತ್ತೊಮ್ಮೆ ಪರಿಶೀಲಿಸಿದಾಗ, ಸ್ಮಿಥಿ ಎಂದು ಸಾಕುತ್ತಿದ್ದವುಗಳಲ್ಲಿ ಬಹುಪಾಲು ಹಮೋರಿ ಎಂಬುದು ಸ್ಪಷ್ಟವಾಯಿತು. ಕಾಡಿನಲ್ಲಿ ಇವೆರಡೂ ಮೆಕ್ಸಿಕೋದ ಪೆಸಿಫಿಕ್ ಕರಾವಳಿಯವೇ ಆದರೂ, ಬಾಲ್ಸಾಸ್ ನದಿಯ ಉತ್ತರಕ್ಕೆ ಕೊಲಿಮಾ, ಹಾಲಿಸ್ಕೊ, ಮಿಚೊಕಾನ್ ಕಡೆ ಹಮೋರಿ, ದಕ್ಷಿಣಕ್ಕೆ ಗೆರೆರೊ ಕಡೆ ಸ್ಮಿಥಿ. ಆದ್ದರಿಂದ ನಿಮ್ಮ ಗೆಳೆಯರ ಡಬ್ಬಿಯ ಮೇಲಿರುವ ಹೆಸರು ಆ ಗಂಡಿನ ಗುರುತಲ್ಲ. ಅದರ ಅಜ್ಜಿಯನ್ನೋ ಮುತ್ತಜ್ಜಿಯನ್ನೋ ಮಾರಿದವರು ಬರೆದ ಚೀಟಿ ಕೈಯಿಂದ ಕೈಗೆ ದಾಟಿ ಬಂದಿರಬಹುದು.

ನೋಡಲು ಎರಡೂ ಒಂದೇ ಥರ ಎಂದು ನೀವು ಬರೆದಿರುವುದು ನಿಜ, ಮತ್ತು ನನ್ನ ಆತಂಕವಿರುವುದೂ ಅಲ್ಲಿಯೇ. ಮುಂಭಾಗದಿಂದ ನೋಡಿದರೆ ಹಮೋರಿಯ ವಿಷದವಡೆಗಳ ಮೇಲೆ ಕಂದುಗುಲಾಬಿ ಬಣ್ಣದ ಎರಡು ಪಟ್ಟೆಗಳಿರುತ್ತವೆ, ಸ್ಮಿಥಿಯಲ್ಲಿ ಒಂದೇ ಎನ್ನುತ್ತಾರೆ. ಆದರೆ ಈ ಗುರುತು ಎಲ್ಲ ಜೇಡಗಳಲ್ಲಿ ಎದ್ದು ಕಾಣುವುದಿಲ್ಲ, ಪೊರೆ ಕಳಚುವ ಕಾಲ ಹತ್ತಿರವಾಗಿ ಬಣ್ಣ ಮಾಸಿದಾಗಲಂತೂ ನಂಬುವಂತೆಯೇ ಇಲ್ಲ. ಇಷ್ಟು ಹತ್ತಿರದ ಎರಡು ಪ್ರಭೇದಗಳಿಗೆ ಹುಟ್ಟಿದ ಮರಿ ಎರಡು ತಲೆಯ ವಿಚಿತ್ರ ಪ್ರಾಣಿಯಾಗಿದ್ದರೆ ಯಾರೂ ಅದರಿಂದ ಮೋಸ ಹೋಗುತ್ತಿರಲಿಲ್ಲ. ಅದು ಅಮ್ಮನಂತೆಯೋ ಅಪ್ಪನಂತೆಯೋ ಇದ್ದು, ಎರಡರಲ್ಲಿ ಒಂದು ಹೆಸರಿನಲ್ಲಿ ಮಾರಾಟವಾಗುತ್ತದೆ. ಒಂದು ಮೊಟ್ಟೆಚೀಲದಲ್ಲಿ ನೂರಾರು ಮರಿಗಳು. ಅವು ಕಲಬುರಗಿ, ಹೈದರಾಬಾದು, ಪುಣೆ ಎಂದು ಹತ್ತು ಊರಿಗೆ ಹೋಗಿ, ಏಳೆಂಟು ವರ್ಷಗಳ ನಂತರ ಯಾವುದೋ ಅಪ್ಪಟ ಹೆಣ್ಣಿನೊಂದಿಗೆ ಕೂಡುತ್ತವೆ. ಹತ್ತಿರದ ಪ್ರಭೇದಗಳ ಸಂಕರ ಮರಿಗಳು ಬಂಜೆಯಾಗಿಯೇ ತೀರುತ್ತವೆ ಎಂಬ ಭರವಸೆಯೂ ಇಲ್ಲ. ಅಷ್ಟು ಹೊತ್ತಿಗೆ ಬೆರಕೆ ಎಲ್ಲಿ ಶುರುವಾಯಿತೆಂದು ಹುಡುಕಲು ನಿಮ್ಮ ನೆನಪಾಗಲಿ ನಿಮ್ಮ ಗೆಳೆಯರ ನೆನಪಾಗಲಿ ನೆರವಾಗುವುದಿಲ್ಲ.

‘ಬೇರೆ ಪ್ರಭೇದವಾದರೆ ಅವೇ ಒಲ್ಲೆ ಎನ್ನುತ್ತವಲ್ಲ’ ಎಂದು ಕೆಲವರು ವಾದಿಸುತ್ತಾರೆ. ಗಂಡು ಮೊದಲು ಸಣ್ಣ ಬಲೆ ನೇಯ್ದು, ಅದರ ಮೇಲೆ ವೀರ್ಯ ಬಿಟ್ಟು, ಮುಖದ ಬದಿಯ ಸ್ಪರ್ಶಾಂಗಗಳ ತುದಿಯಲ್ಲಿರುವ ಗುಂಡನೆಯ ಅಂಗಕ್ಕೆ ಅದನ್ನು ತುಂಬಿಕೊಳ್ಳುತ್ತದೆ. ಆಮೇಲೆ ಹೆಣ್ಣಿನ ಬಿಲದ ಬಾಯಿಯ ನೂಲನ್ನು ಮುಟ್ಟಿ ನೋಡಿ, ನೆಲವನ್ನು ತಟ್ಟಿ, ಮೈ ನಡುಗಿಸಿ, ಉತ್ತರಕ್ಕೆ ಕಾಯುತ್ತದೆ. ಹೆಣ್ಣು ಎದ್ದು ನಿಂತರೆ ಮುಂಗಾಲಿನ ಕೊಕ್ಕೆಗಳಿಂದ ಅದರ ವಿಷದ ಹಲ್ಲುಗಳನ್ನು ತಡೆದು ಹಿಡಿದು ಕೂಡುತ್ತದೆ. ಇಡೀ ಮಾತುಕತೆ ನೂಲಿನ ವಾಸನೆ ಮತ್ತು ಕಂಪನದಲ್ಲಿ ನಡೆಯುತ್ತದೆ. ಹತ್ತಿರದ ಪ್ರಭೇದಗಳಲ್ಲಿ ಅದು ಒಂದಕ್ಕೊಂದು ಅರ್ಥವಾಗುವಷ್ಟು ಹೋಲುವುದುಂಟು. ಕಾಡಿನಲ್ಲಿ ಅವುಗಳನ್ನು ದೂರವಿಟ್ಟದ್ದು ನದಿ ಮತ್ತು ನೆಲ. ಒಂದೂವರೆ ಅಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆ ತಡೆ ಇರುವುದಿಲ್ಲ, ಇರಬೇಕೆಂದರೆ ಸಾಕುವವರೇ ತಡೆಯಬೇಕು.

ಇನ್ನು ದೇವಣಿಯ ಮಾತು. ಬೀದರ ಜಿಲ್ಲೆಯಿಂದ ಬರುವ ಪತ್ರಗಳಲ್ಲಿ ದೇವಣಿ ಇಲ್ಲದ ವಾದ ಅಪರೂಪ, ನಿಮ್ಮದು ಯಾದಗಿರಿಯಿಂದ ಬಂದರೂ ಅದೇ ದಾರಿ ಹಿಡಿದಿದೆ! ಗಿರ್, ಡಾಂಗಿ ಮತ್ತು ಸ್ಥಳೀಯ ದನಗಳ ಬೆರಕೆಯಿಂದ ದೇವಣಿ ರೂಪುಗೊಂಡಿತೆಂದು ಪಶುವೈದ್ಯ ಗ್ರಂಥಗಳೇ ಹೇಳುತ್ತವೆ. ಆದರೆ ಆ ಮೂರೂ ಒಂದೇ ಪ್ರಭೇದದ ದನಗಳು, ಮನುಷ್ಯನೇ ಸಾಕಿ ಬೆಳೆಸಿದ ತಳಿಗಳು. ಬೆರೆತ ಮೇಲೆ ತಲೆಮಾರುಗಟ್ಟಲೆ ರೈತರು ಆರಿಸಿ, ಬೇಡವಾದದ್ದನ್ನು ಬಿಟ್ಟು, ಒಂದು ರೂಪಕ್ಕೆ ತಂದರು. ಇಂದು ಜಾತ್ರೆಯಲ್ಲಿ ನಿಂತ ರೈತ ಮುಖ ಅರೆಗಪ್ಪಾಗಿದ್ದರೆ ವಾನೆರಾ, ಬಹುಮಟ್ಟಿಗೆ ಬಿಳಿಯಿದ್ದರೆ ಬಾಲಂಕ್ಯಾ, ಮೈಮೇಲೆ ಕಪ್ಪು ಮಚ್ಚೆಗಳಿದ್ದರೆ ಶೇವೆರಾ ಎಂದು ದೂರದಿಂದಲೇ ಹೇಳುತ್ತಾನೆ. ಜರ್ಸಿಯ ಬೆರಕೆಯನ್ನು ದೇವಣಿ ಎಂದು ಅವನಿಗೆ ಮಾರಲು ಸಾಧ್ಯವಿಲ್ಲ. ಇಷ್ಟಾದರೂ ಶುದ್ಧ ದೇವಣಿ ಹೋರಿಗಳು ಕಡಿಮೆಯಾಗುತ್ತಿವೆ ಎಂದು ಬೀದರದಲ್ಲಿ ಚಿಂತೆಯಿದೆ, ಅದನ್ನು ಉಳಿಸಲೆಂದೇ ಸಂಶೋಧನೆ ನಡೆಯುತ್ತಿದೆ. ನಿಮ್ಮ ಜೇಡಗಳ ವಿಷಯದಲ್ಲಿ ಕಣ್ಣಿಗೆ ಕಾಣುವ ಗುರುತಿಲ್ಲ, ವಂಶಾವಳಿಯ ದಾಖಲೆಯಿಲ್ಲ, ಹೊಸ ರಕ್ತ ತರಲು ಮೆಕ್ಸಿಕೋದ ಕಾಡಿಗೆ ಕೈ ಹಾಕುವಂತೆಯೂ ಇಲ್ಲ. ನಿಮ್ಮ ಉದಾಹರಣೆ ನನ್ನ ಪಕ್ಷಕ್ಕೇ ಹೆಚ್ಚು ಒದಗುತ್ತದೆ.

ಸಾಕಣೆಯಲ್ಲಿ ಪ್ರಭೇದ ಅಪ್ಪಟವಾಗಿ ಉಳಿದರೆ ಯಾರಿಗೇನು ಲಾಭ ಎಂದು ನೀವು ಕೇಳಬಹುದು. ಇದಕ್ಕೆ ದೂರದ ಮೆಕ್ಸಿಕೋ ಬೇಡ. ನಿಮ್ಮ ಯಾದಗಿರಿಯ ಮೇಲೆ ಹಾದು ರಾಯಚೂರು, ಗುಂತಕಲ್ ದಾಟಿ ಚೆನ್ನೈ ಕಡೆ ಹೋಗುವ ಹಳಿಯ ಮೇಲೆಯೇ ಆಂಧ್ರದ ಗುತ್ತಿ ಇದೆ. ಅಲ್ಲಿನ ರೈಲ್ವೆ ಮರದ ಅಂಗಳದಲ್ಲಿ ಸಿಕ್ಕ ಕಡುನೀಲಿ ಜೇಡವನ್ನು ಪೋಕಾಕ್ ಎಂಬ ವಿಜ್ಞಾನಿ 1899ರಲ್ಲಿ ಪೊಸಿಲೊಥೇರಿಯಾ ಮೆಟಾಲಿಕಾ ಎಂದು ಹೆಸರಿಸಿದರು. ಬಹುಶಃ ಅದು ಮರದ ದಿಮ್ಮಿಯೊಂದಿಗೆ ಬೇರೆಡೆಯಿಂದ ರೈಲಿನಲ್ಲಿ ಬಂದದ್ದು. ಆಮೇಲೆ ನೂರು ವರ್ಷ ವಿಜ್ಞಾನಿಗಳ ಕಣ್ಣಿಗೆ ಬೀಳದೆ, 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಕಂಡಿತು. ಈಗ ಅದು ಅತ್ಯಂತ ಅಪಾಯದ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಕಾಡಿನಲ್ಲಿ ಇಷ್ಟು ವಿರಳವಾದ ಜೇಡ ಯುರೋಪಿನ ಸಾಕಣೆದಾರರ ಮನೆಗಳಲ್ಲಿ ಸಾಮಾನ್ಯ. ಹೀಗೆ ಸಾಕುತ್ತಿರುವುದರಿಂದ ಪ್ರಭೇದವೇ ಉಳಿಯುತ್ತಿದೆ ಎಂದು ಹೇಳಿಕೊಳ್ಳುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಯಾವ ಕಾಡಿನ ಯಾವ ಗುಂಪಿನಿಂದ ಬಂದದ್ದೆಂದು ಗೊತ್ತಿಲ್ಲದ ಜೇಡವನ್ನು ಯಾರೂ ಕಾಡಿಗೆ ಮರಳಿ ಬಿಡಲಾರರು. ಲಾಭ ಇರುವುದು ಇನ್ನೂ ಸಣ್ಣ ಮಟ್ಟದಲ್ಲಿ. ಸಾಕಣೆಯಲ್ಲಿ ಹುಟ್ಟಿದ, ನಂಬಬಹುದಾದ ಹೆಸರಿನ ಮರಿ ಸಿಗುತ್ತಿರುವವರೆಗೆ ಕಾಡಿನಿಂದ ಹಿಡಿದು ತರುವವನಿಗೆ ಗಿರಾಕಿ ಕಡಿಮೆ. ಸಾಕಣೆಯ ಮರಿಗಳೆಲ್ಲ ಬೆರಕೆ ಎಂಬ ಅನುಮಾನ ಹಬ್ಬಿದ ದಿನ, ‘ಕಾಡಿನಿಂದಲೇ ತಂದದ್ದು, ಅಪ್ಪಟ’ ಎಂಬ ಮಾತಿಗೆ ಹೆಚ್ಚು ಬೆಲೆ ಸಿಗಲು ಶುರುವಾಗುತ್ತದೆ.

ಕಾನೂನಿನ ಮಾತನ್ನು ನಿಮ್ಮ ಪತ್ರ ಎತ್ತಿಲ್ಲ, ನಾನು ಎತ್ತಲೇಬೇಕು. ಸ್ಮಿಥಿ 1985ರಿಂದಲೇ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ನಂತರ ಇಡೀ ಬ್ರಾಕಿಪೆಲ್ಮಾ ಕುಲ ಸೇರಿತು, 2019ರಲ್ಲಿ ಪೊಸಿಲೊಥೇರಿಯಾ ಕುಲವೂ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದ್ದು, ಸೈಟಿಸ್ ಪಟ್ಟಿಯ ಜೀವಿಗಳು ಅದರ ನಾಲ್ಕನೆಯ ಅನುಸೂಚಿಗೆ ಬಂದಿವೆ. ಅಂಥ ಪ್ರಾಣಿ ನಿಮ್ಮ ಬಳಿ ಇದ್ದರೆ, ಅದು ಕೈ ಬದಲಾಯಿಸಿದರೆ, ಮರಿ ಹಾಕಿದರೆ, ಸತ್ತರೆ, ಎಲ್ಲವನ್ನೂ ವರದಿ ಮಾಡಬೇಕು. 2024ರ ನಿಯಮಗಳ ಪ್ರಕಾರ ಇದು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಆಗಬೇಕು. ಕೂಡಿಸುವ ಯೋಚನೆಗೆ ಮೊದಲು ಯಾದಗಿರಿಯ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ನಿಮ್ಮ ಹೆಣ್ಣಿನ ಸ್ಥಿತಿಯನ್ನು ವಿಚಾರಿಸಿ. 2021ರ ಜುಲೈನಲ್ಲಿ ಚೆನ್ನೈನ ಕಸ್ಟಮ್ಸ್ ಅಧಿಕಾರಿಗಳು ಪೋಲೆಂಡಿನಿಂದ ಬಂದ ಒಂದು ಅಂಚೆ ಪಾರ್ಸಲ್ ತೆರೆದು 107 ಜೀವಂತ ಜೇಡಗಳನ್ನು ವಶಪಡಿಸಿಕೊಂಡಿದ್ದರು. ಬಸ್ಸಿನ ಪಾರ್ಸಲ್ ಕೂಡ ಬೇಡವೇ ಬೇಡ. ಕಾಗದಪತ್ರದ ತೊಡಕು ಒಂದೆಡೆ ಇರಲಿ, ನಮ್ಮ ಭಾಗದಲ್ಲಿ ಬೇಸಿಗೆಯ ಮಧ್ಯಾಹ್ನ 42 ಡಿಗ್ರಿ ದಾಟುವಾಗ ಬಸ್ಸಿನ ಡಿಕ್ಕಿಯಲ್ಲಿಟ್ಟ ಡಬ್ಬಿಯೊಳಗಿನ ಜೇಡ ಜೀವಂತ ತಲುಪುವುದೇ ಅನುಮಾನ.

ಹೆಸರು ಖಚಿತಪಡಿಸಿಕೊಳ್ಳಲು ನಿಮ್ಮ ಕೈಯಲ್ಲೇ ಆಗುವ ಒಂದು ಕೆಲಸವಿದೆ. ಮುಂದಿನ ಸಲ ಹೆಣ್ಣು ಪೊರೆ ಕಳಚಿದಾಗ ಅದನ್ನು ಬಿಸಾಡಬೇಡಿ. ಒಂದು ತಟ್ಟೆಯಲ್ಲಿ ಬೆಚ್ಚನೆಯ ನೀರು ಹಾಕಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬಿಟ್ಟು, ಪೊರೆಯನ್ನು ಮೆತ್ತಗಾಗುವವರೆಗೆ ನೆನೆಸಿ. ಮುದುಡಿದ ಹೊಟ್ಟೆಯ ಭಾಗವನ್ನು ತೆಳ್ಳನೆಯ ಬ್ರಷ್ಷಿನಿಂದ ನಿಧಾನವಾಗಿ ಬಿಡಿಸಿ, ಒಳಮೈ ಮೇಲೆ ಬರುವಂತೆ ಹರಡಿದರೆ, ಪುಸ್ತಕ ಶ್ವಾಸಕೋಶಗಳ, ಅಂದರೆ ಪುಟಗಳಂತೆ ಪದರಗಳಿರುವ ಉಸಿರಾಟದ ಅಂಗಗಳ, ನಾಲ್ಕು ಬಿಳಿಚಿದ ಗುರುತುಗಳು ಕಾಣುತ್ತವೆ. ಮೇಲಿನ ಎರಡರ ನಡುವೆ ಇರುವ ಸಣ್ಣ ಮಡಿಕೆಯೇ ವೀರ್ಯ ಸಂಗ್ರಹಕೋಶ. ಅದರ ಆಕಾರ ಪ್ರಭೇದ ಗುರುತಿಸಲು ತಜ್ಞರು ನೋಡುವ ಲಕ್ಷಣಗಳಲ್ಲಿ ಒಂದು. ಗಂಡಿನಲ್ಲಿ ಸ್ಪರ್ಶಾಂಗದ ತುದಿಯ ಗುಂಡನೆಯ ಅಂಗದ ಆಕಾರವನ್ನು ನೋಡುತ್ತಾರೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಹತ್ತಿರದಿಂದ ಫೋಟೊ ತೆಗೆದು, ಪೊರೆಯನ್ನು ಒಣಗಿಸಿ, ತಾರೀಖು ಬರೆದ ಲಕೋಟೆಯಲ್ಲಿಡಿ. ಈ ಕುಲದ ಜೇಡಗಳ ಹೊಟ್ಟೆಯ ತುರಿಕೆ ಕೂದಲು ಪೊರೆಯಲ್ಲಿಯೂ ಉಳಿದಿರುತ್ತದೆ, ಆದ್ದರಿಂದ ಕೈಗವಸು ಹಾಕಿಕೊಂಡು, ಮುಖದಿಂದ ದೂರ ಹಿಡಿದು ಈ ಕೆಲಸ ಮಾಡಿ. ಫೋಟೊ, ಪೊರೆಗಳಿಂದಲೂ ತೀರ್ಮಾನವಾಗದಿದ್ದರೆ ಉಳಿಯುವುದು ಡಿಎನ್‌ಎ ಪರೀಕ್ಷೆ.

ಪೊರೆಯ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಇದನ್ನು ಮರಿ ಮಾಡಿಸುವವರು ಸಹ ಮರೆಯುತ್ತಾರೆ. ಕೂಡಿದ ಹೆಣ್ಣು ಆ ವೀರ್ಯವನ್ನು ತಿಂಗಳುಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ. ಪೊರೆ ಕಳಚುವಾಗ ಮಾತ್ರ ಸಂಗ್ರಹಕೋಶದ ಒಳಪದರು ಉದುರಿ ವೀರ್ಯವೂ ಹೋಗುತ್ತದೆ. ನಿಮ್ಮ ಹೆಣ್ಣನ್ನು ಯಾರಾದರೂ ಈ ಮುಂಚೆ ತಪ್ಪು ಗಂಡಿಗೆ ಕೂಡಿಸಿದ್ದರೆ, ನಡುವೆ ಒಂದು ಪೊರೆ ಕಳಚದೆ ಸರಿಯಾದ ಗಂಡನ್ನು ತಂದರೂ ಮರಿಗಳ ತಂದೆ ಯಾರೆಂದು ಹೇಳಲಾಗದು. ಗೊತ್ತಿದ್ದೂ ಅಥವಾ ಗೊತ್ತಾಗದೆ ಸಂಕರ ಮೊಟ್ಟೆಚೀಲ ಬಂದೇಬಿಟ್ಟರೆ, ಅದನ್ನು ಬೇಗನೆ ಬೇರ್ಪಡಿಸಿ ಫ್ರೀಜರಿನಲ್ಲಿಟ್ಟು ಮುಗಿಸುವುದೇ ಸರಿ ಎಂದು ಅನುಭವಿಗಳು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಮರಿಗಳಾದ ಮೇಲೆ ಹಂಚುವುದು ತಪ್ಪು. ಚಿಂಚೋಳಿಯ ಕಾಡಿಗೋ ಊರ ಹೊರಗಿನ ಗುಡ್ಡಕ್ಕೋ ಒಯ್ದು ಬಿಡುವುದು ಅದಕ್ಕಿಂತ ದೊಡ್ಡ ತಪ್ಪು.

ನಿಮ್ಮ ಗೆಳೆಯರಿಗೆ ಗಂಡನ್ನು ಸದ್ಯಕ್ಕೆ ತಮ್ಮಲ್ಲೇ ಇಟ್ಟುಕೊಂಡು ಅದರ ಸ್ಪರ್ಶಾಂಗದ ತುದಿಯ ಗುಂಡನೆಯ ಅಂಗದ ಫೋಟೊ ಹತ್ತಿರದಿಂದ ತೆಗೆಯಲು ಹೇಳಿ. ಅದನ್ನೂ ನಿಮ್ಮ ಹೆಣ್ಣಿನ ಪೊರೆಯ ಫೋಟೊಗಳನ್ನೂ ನಮಗೆ ಕಳಿಸಿದರೆ ಜೇಡಗಳನ್ನು ಬಲ್ಲವರಿಗೆ ತೋರಿಸುತ್ತೇವೆ. ಅಷ್ಟರಲ್ಲಿ ಆ ಗಂಡು ತೀರಿಕೊಂಡರೂ ಚಿಂತೆಯಿಲ್ಲ, ನಿಮ್ಮ ಹೆಣ್ಣು ಇನ್ನೂ ಎಷ್ಟೋ ವರ್ಷ ಬದುಕುತ್ತದೆ ಮತ್ತು ಹೆಸರು ಖಚಿತವಾದ ಗಂಡಿಗಾಗಿ ಕಾಯಬಲ್ಲದು.

— ಸಂಪಾದಕ