ಸೆನ್ಸರ್ ಬಿಚ್ಚುವ ಮುನ್ನ

ಹಳೆಯ ಕಾರೊಂದನ್ನು ಕೊಂಡ ಎಂಟೇ ದಿನಕ್ಕೆ ಅದರ ಇಂಜಿನ್ ದೀಪ ಹೊತ್ತಿಕೊಂಡಿತೆಂದೂ, ಗ್ಯಾರೇಜಿನವರು ಕಾರಿನ ಕಂಪ್ಯೂಟರಿನಿಂದ ಪಿ0171 ಎಂಬ ದೋಷದ ಕೋಡ್ ಓದಿ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸಬೇಕೆಂದು ಹೇಳಿದರೆಂದೂ ಬರೆದಿದ್ದೀರಿ. ಅದನ್ನು ನೀವೇ ಬದಲಿಸಬಹುದೇ ಎಂಬುದು ನಿಮ್ಮ ಮುಖ್ಯ ಪ್ರಶ್ನೆ. ಜೊತೆಗೆ ಮನೆ ಹುಡುಕುವುದು, ಲೈಸೆನ್ಸ್ ಪರೀಕ್ಷೆ, ಚಳಿಗಾಲ ಇವುಗಳ ಬಗ್ಗೆಯೂ ಕೇಳಿದ್ದೀರಿ. ಮನೆ ಕೆಲಸದ ಜಾಗಕ್ಕೆ ಹತ್ತಿರವಿರಲಿ, ಲೈಸೆನ್ಸಿಗೆ ನಿಯಮದ ಪುಸ್ತಕವನ್ನು ಎರಡು ಸಲ ಓದಿ, ಚಳಿ ಅಭ್ಯಾಸವಾಗುತ್ತದೆ. ಇವುಗಳಿಗೆ ಇಷ್ಟು ಸಾಕು. ಕಾರಿನ ವಿಷಯವನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದೇ ಕೋಡ್, ಇದೇ ಸಲಹೆ, ಈ ಪರದೇಶಕ್ಕೆ ನಾನು ಬಂದ ವರ್ಷ ನನಗೂ ಸಿಕ್ಕಿತ್ತು.

ನಮ್ಮ ಕಡೆಯ ರೀತಿ ನಿಮಗೆ ಗೊತ್ತೇ ಇದೆ. ಪರಿಚಯದ ಮೆಕ್ಯಾನಿಕ್ ಬಾನೆಟ್ ಎತ್ತಿ, ಇಂಜಿನ್ನಿಗೆ ಒಂದು ಗಳಿಗೆ ಕಿವಿಗೊಟ್ಟು, ಯಾವುದೋ ಪೈಪನ್ನು ಬೆರಳಿನಿಂದ ಒತ್ತಿ ನೋಡುವಾಗ ನಾವು ಪಕ್ಕದಲ್ಲಿ ಸುಮ್ಮನೆ ನಿಂತಿದ್ದರೆ ಆಗುತ್ತಿತ್ತು. ಇಲ್ಲಿ ಕೈಗೆಲಸದ ಗಂಟೆಗೆ ತೆರುವ ಹಣ ಎಷ್ಟೋ ಸಲ ಬಿಡಿಭಾಗದ ಬೆಲೆಯನ್ನೇ ಮೀರಿಸುವುದರಿಂದ, ಹಾಗೆ ಕಿವಿಗೊಡಲು ಯಾರಿಗೂ ಪುರುಸೊತ್ತಿಲ್ಲ. ಆ ಕಿವಿಯನ್ನು ನೀವೇ ಬೆಳೆಸಿಕೊಳ್ಳಬೇಕು. ಬದಲಿಸುವ ಕೆಲಸವನ್ನು ನೀವೇ ಮಾಡಬಹುದು. ಆದರೆ ಮಾಡಬೇಕೇ ಎಂಬುದು ಬೇರೆಯ ಪ್ರಶ್ನೆ, ಮತ್ತು ಗ್ಯಾರೇಜಿನವರು ಉತ್ತರಿಸದೆ ಬಿಟ್ಟಿರುವುದು ಅದನ್ನೇ.

ಕೋಡ್ ಎಂಬುದು ದೂರು, ತೀರ್ಪಲ್ಲ. ಪಿ0171 ಹೇಳುವುದು ಇಷ್ಟೇ: ಇಂಜಿನ್ನಿನ ಸಿಲಿಂಡರುಗಳ ಒಂದು ಸಾಲಿನಲ್ಲಿ ಮಿಶ್ರಣ ಲೀನ್ ಆಗಿದೆ, ಅಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಹೊಗೆಯಲ್ಲಿ ಆಮ್ಲಜನಕ ಹೆಚ್ಚು ಉಳಿದಿದೆಯೆಂದು ಸೆನ್ಸರ್ ತಿಳಿಸಿದಾಗ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚಿಸುತ್ತಾ ಹೋಗುತ್ತದೆ, ಹೆಚ್ಚಿಸಿ ಹೆಚ್ಚಿಸಿ ತನ್ನ ಮಿತಿ ಮುಟ್ಟಿದಾಗ ದೀಪ ಹೊತ್ತಿಸುತ್ತದೆ. ಇಲ್ಲಿ ಸೆನ್ಸರ್ ಸುಳ್ಳು ಹೇಳುತ್ತಿರಬಹುದು ನಿಜ. ಆದರೆ ಬಹಳ ಸಲ ಅದು ಸತ್ಯವನ್ನೇ ಹೇಳುತ್ತಿರುತ್ತದೆ. ಸುದ್ದಿ ತಂದವನನ್ನೇ ಕೆಲಸದಿಂದ ತೆಗೆದರೆ ಸುದ್ದಿ ಬದಲಾಗುವುದಿಲ್ಲ.

ಆದ್ದರಿಂದ ಮೊದಲು ಕೋಡ್ ಓದುವ ಒಂದು ಸಾಧಾರಣ ಸ್ಕ್ಯಾನರ್ ಕೊಳ್ಳಿ. ಸ್ಟಿಯರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, ಅದನ್ನು ಜೋಡಿಸುವ ಹದಿನಾರು ಪಿನ್ನುಗಳ ಕನೆಕ್ಟರ್ ಇರುತ್ತದೆ. ಕೋಡ್ ಓದಿದ ಕೂಡಲೇ ಅದನ್ನು ಅಳಿಸಬೇಡಿ. ದೀಪ ಹೊತ್ತಿದ ಕ್ಷಣದಲ್ಲಿ ಇಂಜಿನ್ನಿನ ವೇಗ ಎಷ್ಟಿತ್ತು, ಬಿಸಿ ಎಷ್ಟಿತ್ತು, ಲೋಡ್ ಎಷ್ಟಿತ್ತು ಎಂಬುದನ್ನು ಫ್ರೀಜ್ ಫ್ರೇಮ್ ಎಂಬ ಪುಟ ಹಿಡಿದಿಟ್ಟಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಆ ಪುಟದ ಫೋಟೋ ತೆಗೆದಿಟ್ಟುಕೊಂಡು, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡ ಎಷ್ಟು ಹೆಚ್ಚಿಸಿದೆ ಅಥವಾ ಇಳಿಸಿದೆ ಎಂಬ ಲೆಕ್ಕವನ್ನು ನೋಡಿ. ಐಡಲ್‌ನಲ್ಲಿ, ಅಂದರೆ ಕಾರು ನಿಂತು ಇಂಜಿನ್ ಸುಮ್ಮನೆ ತಿರುಗುತ್ತಿರುವಾಗ, ಅದು ಶೇಕಡ 15 ಅಥವಾ 20ರಷ್ಟು ಮೇಲಿದ್ದು, ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದಾಗ ಸೊನ್ನೆಯ ಹತ್ತಿರಕ್ಕೆ ಇಳಿದರೆ, ಇಂಜಿನ್ ಗಾಳಿ ಎಳೆದುಕೊಳ್ಳುವ ಇನ್‌ಟೇಕ್ ಬದಿಯಲ್ಲಿ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳನುಸುಳುತ್ತಿದೆ ಎಂದು ತಿಳಿಯಿರಿ. ಗಾಳಿ ನುಸುಳುವ ಬಿರುಕಿನ ಗಾತ್ರ ಎರಡೂ ಸಲ ಅಷ್ಟೇ ಇರುತ್ತದೆ. ಐಡಲ್‌ನಲ್ಲಿ ಒಳಗಿನ ಎಳೆತ ಜೋರು, ಇಂಜಿನ್ ಸೇದುವ ಒಟ್ಟು ಗಾಳಿ ಕಡಿಮೆ, ಹಾಗಾಗಿ ಅದರ ಪರಿಣಾಮ ಅಲ್ಲಿಯೇ ಎದ್ದು ಕಾಣುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಲೋಡ್ ಹೆಚ್ಚಿದಂತೆ ಟ್ರಿಮ್ ಏರಿದರೆ ಗಾಳಿಯ ಪ್ರಮಾಣ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಕೊಳೆಯಾಗಿರಬಹುದು, ಇಲ್ಲವೇ ಪೆಟ್ರೋಲಿನ ಒತ್ತಡ ಸಾಲದಿರಬಹುದು. ಆ ಸೆನ್ಸರಿನ ಸಣ್ಣ ತಂತಿಯನ್ನು ಬೆರಳಿನಿಂದಾಗಲಿ ಬಟ್ಟೆಯಿಂದಾಗಲಿ ಮುಟ್ಟಬೇಡಿ, ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ತೊಳೆಯಿರಿ.

ಆಕ್ಸಿಜನ್ ಸೆನ್ಸರನ್ನೇ ಪರೀಕ್ಷಿಸುವುದೂ ಕಷ್ಟವಲ್ಲ. ಹಳೆಯ ಮಾದರಿಯದಾದರೆ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಮುಂದಿರುವ ಸೆನ್ಸರಿನ ವೋಲ್ಟೇಜ್ ಸುಮಾರು 0.1ರಿಂದ 0.9ರ ನಡುವೆ ಬಿಡುವಿಲ್ಲದೆ ಏರಿಳಿಯಬೇಕು. ಆಕ್ಸಿಲರೇಟರನ್ನು ಒಮ್ಮೆ ಥಟ್ಟನೆ ಒತ್ತಿದಾಗ 0.8ರ ಮೇಲಕ್ಕೆ ನೆಗೆದರೆ ಸೆನ್ಸರ್ ಜೀವಂತವಾಗಿದೆ. ಇತ್ತೀಚಿನ ಬಹಳ ಕಾರುಗಳಲ್ಲಿ ಮುಂದಿನದು ಗಾಳಿ-ಪೆಟ್ರೋಲಿನ ಪ್ರಮಾಣವನ್ನೇ ಅಳೆಯುವ ಏರ್-ಫ್ಯೂಯಲ್ ಸೆನ್ಸರ್ ಆಗಿರುವುದರಿಂದ ಈ ಲೆಕ್ಕ ಅಲ್ಲಿ ನಡೆಯುವುದಿಲ್ಲ; ನಿಮ್ಮದು ಯಾವುದೆಂದು ಸರ್ವಿಸ್ ಕೈಪಿಡಿಯಲ್ಲಿ ನೋಡಿಕೊಳ್ಳಿ. ಸೆನ್ಸರಿಗಿಂತ ಮುಂದೆ, ಇಂಜಿನ್ನಿನ ಕಡೆಗೆ, ಎಕ್ಸಾಸ್ಟ್ ಪೈಪಿನಲ್ಲಿ ಬಿರುಕಿದ್ದರೂ ಹೊರಗಿನ ಗಾಳಿ ಸೇರಿ ಇದೇ ಕೋಡ್ ಬರಬಹುದು.

ಇಷ್ಟೆಲ್ಲ ನೋಡಿದ ಮೇಲೂ ಸೆನ್ಸರೇ ಕೆಟ್ಟಿದೆಯೆಂದಾದರೆ ಬದಲಿಸಿ. ಇಂಜಿನ್ ಉಗುರುಬೆಚ್ಚಗಿರುವಾಗ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ವೈರ್ ಹಾಯಲು ಸೀಳಿರುವ 22 ಮಿಲಿಮೀಟರ್ ಸಾಕೆಟ್ ಹಾಕಿ ಬಿಚ್ಚಿ. ಹೊಸದರ ಥ್ರೆಡ್ಡಿಗೆ, ಅದು ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಲೇಪ ಮೊದಲೇ ಸವರಿ ಬಂದಿಲ್ಲದಿದ್ದರೆ ತೆಳ್ಳಗೆ ಸವರಿ. ತುದಿಗೆ ಮಾತ್ರ ತಾಗಬಾರದು. ಮೊದಲ ಸುತ್ತುಗಳನ್ನು ಬರಿಗೈಯಲ್ಲೇ ತಿರುಗಿಸಿ.

ಇನ್ನು ನನ್ನ ಕಥೆ. ನಾನು ಇದಾವುದನ್ನೂ ನೋಡದೆ ಕನ್ವರ್ಟರಿನ ಮುಂದಿನ ಸೆನ್ಸರ್ ಬದಲಿಸಿದೆ, ಎರಡು ವಾರ ಬಿಟ್ಟು ಅದರ ಹಿಂದಿರುವುದನ್ನೂ ಬದಲಿಸಿದೆ. ಬಂದ ಹೊಸದರಲ್ಲಿ ಪರದೇಶದಲ್ಲಿ ನಾನೇ ಕಾರಿನ ಕೆಳಗೆ ನುಸುಳಿ ಕೆಲಸ ಮುಗಿಸಿದೆನೆಂಬ ಹೆಮ್ಮೆ ಎಷ್ಟಿತ್ತೆಂದರೆ, ಕೈಗೆ ಮೆತ್ತಿದ್ದ ಮಸಿಯ ಫೋಟೋ ತೆಗೆದು ಮನೆಗೆ ಕಳಿಸಿದ್ದೆ. ಮೂರನೆಯ ದಿನ ದೀಪ ಮತ್ತೆ ಹೊತ್ತಿತು. ಆಮೇಲೆ ನಾನು ಕಲಿತದ್ದು ಒಂದೇ ವಿದ್ಯೆ, ಸ್ಕ್ಯಾನರಿನಲ್ಲಿ ಕೋಡ್ ಅಳಿಸುವುದು. ದೀಪ ಹೊತ್ತಿದಾಗಲೆಲ್ಲ ಅಳಿಸುತ್ತಿದ್ದೆ, ಕೊನೆಗೊಂದು ಬೆಳಿಗ್ಗೆ ಅಳಿಸಿ, ಆ ಕಾರನ್ನು ನನ್ನಂತೆಯೇ ಹೊಸದಾಗಿ ಬಂದಿದ್ದ ಹುಡುಗನೊಬ್ಬನಿಗೆ ಮಾರಿದೆ. ದೀಪದ ವಿಷಯವನ್ನು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ವಾರದೊಳಗೆ ಅವನ ಫೋನ್ ಬಂತು. ದೀಪ ಹೊತ್ತಿದೆ, ಸಿಗ್ನಲ್‌ನಲ್ಲಿ ನಿಂತಾಗ ಬಾನೆಟ್ ಒಳಗಿಂದ ಸುಸ್ ಎಂದು ಸದ್ದು ಬರುತ್ತದೆ ಎಂದ. ಹಳೆಯ ಕಾರುಗಳೆಲ್ಲ ಹಾಗೆಯೇ ಎಂದುಬಿಟ್ಟೆ. ಎರಡನೆಯ ಸಲ ಫೋನ್ ಮಾಡಿದಾಗ ನಾನು ಎತ್ತಲಿಲ್ಲ.

ಕೆಲವು ವರ್ಷಗಳ ನಂತರ ನನ್ನ ಇನ್ನೊಂದು ಕಾರಿಗೆ ಅದೇ ಕೋಡ್ ಬಂದಿತು. ಈ ಸಲ ಕೆಲಸದ ಜಾಗದ ಹಿರಿಯರೊಬ್ಬರು, ನಮ್ಮ ಮೆಕ್ಯಾನಿಕ್ಕುಗಳಂತೆಯೇ, ಬಾನೆಟ್ ಎತ್ತಿ ತಲೆ ವಾಲಿಸಿ ನಿಂತರು. ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿ, ಮೇಲಿನಿಂದ ಕಣ್ಣಿಗೆ ಬೀಳದ ಕಡೆ, ಇಂಜಿನ್ನಿನ ಒಳಗಿನ ಅನಿಲವನ್ನು ಇನ್‌ಟೇಕಿಗೆ ಮರಳಿಸುವ ಪಿಸಿವಿ ಹೋಸ್ ಮೊಣಕೈಯಂತೆ ಬಾಗುವಲ್ಲಿ ನನ್ನ ಬೆರಳನ್ನು ಒಯ್ದು ಇಟ್ಟರು. ರಬ್ಬರ್ ಮೆತ್ತಗಾಗಿ ಸೀಳಿತ್ತು, ಬೆರಳ ತುದಿಯನ್ನು ಆ ಸೀಳು ಒಳಕ್ಕೆ ಎಳೆದುಕೊಂಡಿತು. ಬೆರಳು ಒತ್ತಿದಾಗ ಸದ್ದು ನಿಂತಿತು, ತೆಗೆದಾಗ ಸುಸ್ ಎಂದಿತು. ಆ ಹುಡುಗ ಫೋನಿನಲ್ಲಿ ನನಗೆ ರೋಗವನ್ನು ಹೆಸರಿಟ್ಟೇ ಹೇಳಿದ್ದನೆಂದು ಆಗ ತಿಳಿಯಿತು. ಅಷ್ಟರಲ್ಲಿ ಅವನ ನಂಬರ್ ನನ್ನ ಬಳಿ ಉಳಿದಿರಲಿಲ್ಲ.

ನೀವು ಸೆನ್ಸರ್ ಕೊಳ್ಳುವ ಮುನ್ನ, ಇಂಜಿನ್ ಐಡಲ್‌ನಲ್ಲಿರುವಾಗ ಆ ಹೋಸುಗಳ ಬಳಿ ಕಿವಿಯಿಡಿ. ತಿರುಗುವ ಫ್ಯಾನ್ ಮತ್ತು ಬೆಲ್ಟಿನಿಂದ ಕೈ, ಶಾಲು ದೂರವಿರಲಿ. ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಒಂದೆರಡು ದಿನ ಓಡಿಸಿ ನೋಡಬಹುದು, ಮಿನುಗತೊಡಗಿದರೆ ಅದು ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಕನ್ವರ್ಟರ್ ಸುಟ್ಟುಹೋಗಬಹುದು, ಆಗ ಕಾರನ್ನು ನಿಲ್ಲಿಸಿ. ಹಾಗೆಯೇ ಸ್ಕ್ಯಾನರಿನಲ್ಲಿ ‘ಕೋಡ್ ಅಳಿಸಿದ ನಂತರ ಓಡಿದ ದೂರ’ ಎಂಬ ಒಂದು ಸಂಖ್ಯೆ ಬಹಳ ಕಾರುಗಳಲ್ಲಿ ಸಿಗುತ್ತದೆ. ನೀವು ಕೊಂಡ ದಿನದಿಂದ ಓಡಿಸಿದ ದೂರದೊಂದಿಗೆ ಅದನ್ನು ಹೋಲಿಸಿ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಮಾರಿದವರಿಗೆ ದೀಪದ ವಿಷಯ ಗೊತ್ತಿದ್ದಿರಬೇಕು. ನಾನು ಮಾರಿದ ಕಾರಿನಲ್ಲಿ ಆ ದಿನ ಆ ಸಂಖ್ಯೆ ಹನ್ನೆರಡು ಕಿಲೋಮೀಟರಿನಷ್ಟು ಇದ್ದಿರಬೇಕು, ನನ್ನ ಮನೆಯಿಂದ ಆ ಹುಡುಗನ ಮನೆಗೆ ಇದ್ದ ದಾರಿ ಅಷ್ಟೇ.