ಗಿಲ್ ಸ್ಯಾನ್ಸ್ ಬಳಕೆಯ ಕುರಿತು

ಬ್ರಿಟಿಷ್ ಶಿಲ್ಪಿ ಹಾಗೂ ಅಕ್ಷರ ವಿನ್ಯಾಸಕ ಎರಿಕ್ ಗಿಲ್ ತನ್ನ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದು 1989ರ ಜೀವನಚರಿತ್ರೆಯಿಂದ ಬಯಲಾಗಿರುವಾಗ, ಮಕ್ಕಳ ಪುಸ್ತಕದ ಇಂಗ್ಲಿಷ್ ಶೀರ್ಷಿಕೆಗೆ ಅವನೇ ರೂಪಿಸಿದ ಗಿಲ್ ಸ್ಯಾನ್ಸ್ ಫಾಂಟ್ ಬಳಸಬಹುದೇ ಎಂದು ತಾವು ಕೇಳಿದ್ದೀರಿ. ಆತ 1940ರಲ್ಲೇ ತೀರಿಕೊಂಡಿರುವುದರಿಂದ ಪರವಾನಗಿಯ ಹಣ ಅವನಿಗೆ ತಲುಪುವ ಪ್ರಶ್ನೆಯೇ ಇಲ್ಲ. ಆದರೆ ಅವನ ಕೃತಿಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು: 1928ರ ಈ ಅಕ್ಷರಗಳ ರೇಖೆಗಳಲ್ಲಿ ಆ ಅಪರಾಧದ ಗುರುತು ನನಗೆ ಕಾಣುವುದಿಲ್ಲ, ಹದಿಹರೆಯದ ಮಗಳು ಪೆಟ್ರಾಳನ್ನೇ ರೂಪದರ್ಶಿಯಾಗಿಸಿ ಮರದಲ್ಲಿ ಕೊರೆದ ನಗ್ನಚಿತ್ರಗಳಲ್ಲಾದರೋ ಆ ನೋಟವೇ ದೌರ್ಜನ್ಯದೊಂದಿಗೆ ಬೆಸೆದುಕೊಂಡಿರುವುದರಿಂದ, ಅಲ್ಲಿ ಕಲೆ ಬೇರೆ, ಕಲಾವಿದ ಬೇರೆ ಎಂಬ ವಾದವನ್ನು ನಾನು ಒಪ್ಪಲಾರೆ. ಹಾಗಾಗಿ ಫಾಂಟ್ ಬಳಸುವುದು ತಪ್ಪಲ್ಲ. ಆದರೂ ಮಕ್ಕಳ ಪುಸ್ತಕವಾದ್ದರಿಂದ (ಓದುವ ಹೆತ್ತವರಲ್ಲಿ ಸಂತ್ರಸ್ತರೂ ಇರಬಹುದು), ಗಿಲ್‌ನ ಗುರು ಎಡ್ವರ್ಡ್ ಜಾನ್‌ಸ್ಟನ್ ಲಂಡನ್ನಿನ ಭೂಗತ ರೈಲಿಗೆಂದು ರೂಪಿಸಿದ ಅಕ್ಷರಗಳ ಜಾಡಿನಲ್ಲಿರುವ ಬೇರೊಂದು ಫಾಂಟನ್ನು ಆರಿಸಿಕೊಳ್ಳುವುದು ಮೇಲು.