ತಲೆಬುರುಡೆ ಬೇಡ, ಬಟ್ಟಲು ಸಾಕು

ಪ್ರಶ್ನೆ: ‘ಕೆರೆಗೆ ಹಾರ’ ಕಥನಗೀತೆಯನ್ನು ಆಧರಿಸಿ ಮಿಶ್ರಮಾಧ್ಯಮದ ಚಿತ್ರ ಮಾಡುತ್ತಿದ್ದೇನೆ. ಕ್ಯಾನ್ವಾಸ್ ಮೇಲೆ ಕಪ್ಪು ಹಿನ್ನೆಲೆ, ತಲೆಬುರುಡೆ, ಕೆಂಪು ಅಕ್ರಿಲಿಕ್, ಅಲ್ಲಲ್ಲಿ ನಿಜವಾದ ಅರಿಸಿನ. ನೋಡಿದವರು ದೆವ್ವದ ಸಿನಿಮಾದ ಪೋಸ್ಟರ್ ಎನ್ನುತ್ತಾರೆ. ಅಂಟಿಸಿದ ಕೆರೆಮಣ್ಣೂ ಉದುರುತ್ತಿದೆ. ಏನು ಮಾಡಲಿ?
– ಓದುಗರೊಬ್ಬರು, ಗದಗ

ಉತ್ತರ: ನೋಡಿದವರ ಮೇಲೆ ಮುನಿಸಿಕೊಳ್ಳಬೇಡಿ. ಆ ಹಾಡಿನಲ್ಲಿ ಒಂದಾದರೂ ದೆವ್ವವಿದೆಯೇ? ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬೀಳಲಿಲ್ಲ. ಕಿರಿಯ ಸೊಸೆ ಭಾಗೀರಥಿಯನ್ನು ಆಹುತಿ ಕೊಡುವುದೆಂದು ಮನೆಯವರೇ ತೀರ್ಮಾನಿಸಿದರು. ತವರಿಗೆ ಹೋದವಳು ಅಪ್ಪನ ಮುಂದೆ ಬೇರೇನೋ ನೆಪ ಹೇಳುತ್ತಾಳೆ. ಗೆಳತಿಗೆ ಮಾತ್ರ ನಿಜ ಹೇಳಿದರೆ, ಅವಳೂ ‘ಇಟ್ಟ ಹಾಗೆ ಇರಬೇಕು’ ಎಂದುಬಿಡುತ್ತಾಳೆ. ಕೊನೆಗೆ ಪೂಜೆ ಮುಗಿಸಿ ಎಲ್ಲರೂ ಹೊರಟ ಮೇಲೆ, ಮರೆತು ಬಂದ ಬಂಗಾರದ ಬಟ್ಟಲನ್ನು ತರಲು ಭಾಗೀರಥಿ ಕೆರೆಗೆ ಹಿಂದಿರುಗುತ್ತಾಳೆ. ನನಗೆ ಮೈ ಜುಮ್ಮೆನ್ನುವುದು ಅಲ್ಲಿ. ಒಂದು ಜೀವ ತೆಗೆಯಲು ಒಂದು ಬಟ್ಟಲಿನ ನೆಪ! ಬುರುಡೆ ಅಳಿಸಿ, ಆ ಬಟ್ಟಲನ್ನು ಇಡಿ. ತೆಳು ಹಿತ್ತಾಳೆ ತಗಡನ್ನು ಕತ್ತರಿಸಿ ಅಂಟಿಸಬಹುದು. ಮೇಲೆ ಲ್ಯಾಕರ್ ಬಳಿಯದಿದ್ದರೆ ಅದು ಮಂಕಾಗುತ್ತದೆ, ಮಂಕಾದರೂ ನನ್ನ ತಕರಾರಿಲ್ಲ.

ಅರಿಸಿನವನ್ನು ಅಡುಗೆಮನೆಗೇ ಬಿಡಿ, ಬೆಳಕಿಗೆ ಅದು ಬೇಗ ಮಾಸುತ್ತದೆ. ಹಳದಿ ಅಕ್ರಿಲಿಕ್ ಸಾಕು.

ಮಣ್ಣು ಉದುರಲು ಮುಖ್ಯ ಕಾರಣ ಬಾಗುವ ಕ್ಯಾನ್ವಾಸ್. ಪ್ಲೈವುಡ್ ಹಲಗೆಗೆ ಗೆಸ್ಸೊ (ಬಣ್ಣ ಹಿಡಿಯಲು ಮೊದಲು ಬಳಿಯುವ ಬಿಳಿ ಲೇಪ) ಬಳಿದು ಒಣಗಿಸಿ. ಒಣಮಣ್ಣನ್ನು ಜರಡಿ ಹಿಡಿದು ಅಕ್ರಿಲಿಕ್ ಮ್ಯಾಟ್ ಮೀಡಿಯಂನಲ್ಲಿ (ಹೊಳಪಿಲ್ಲದ, ಬಣ್ಣವಿಲ್ಲದ ಅಂಟುದ್ರವ) ಕಲಸಿ, ತೆಳ್ಳಗೆ ಬಳಿಯಿರಿ. ಒಂದು ಪದರ ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು. ಸಣ್ಣ ಬಿರುಕು ಬಿಟ್ಟರೆ ಮುಚ್ಚಲು ಹೋಗಬೇಡಿ, ಅದು ಬತ್ತಿದ ಕೆರೆಯಂಗಳ ತಾನೇ.

ನೀರಿಗೆ ಕಪ್ಪು ಬಣ್ಣ ಬೇಕಿಲ್ಲ. ಬಟ್ಟಲು ಹಿಡಿದು ಭಾಗೀರಥಿ ಕೆರೆಯ ಮೆಟ್ಟಿಲೇರಿದಂತೆ ನೀರು ಪಾದಕ್ಕೆ, ಮೊಳಕಾಲಿಗೆ, ನಡುವಿಗೆ ಏರುತ್ತದಲ್ಲವೇ? ನೀಲಿಹಸಿರನ್ನು ಗ್ಲೇಜ್ ಮೀಡಿಯಂನಲ್ಲಿ (ಬಣ್ಣ ತಿಳಿಯಾಗಿಸುವ ದ್ರವ) ಪಾರದರ್ಶಕವಾಗುವಷ್ಟು ತೆಳುವಾಗಿಸಿ, ಮೊದಲ ಲೇಪವನ್ನು ತಳದಿಂದ ಅವಳ ಕೊರಳವರೆಗೆ ಕೊಡಿ. ಎರಡನೆಯದು ನಡುವಿನವರೆಗೆ, ಮುಂದಿನದು ಮೊಳಕಾಲವರೆಗೆ, ಕೊನೆಯದು ಪಾದದವರೆಗೆ ಮಾತ್ರ. ಎಲ್ಲ ಲೇಪಗಳೂ ಸೇರುವ ತಳದಲ್ಲಿ ಕತ್ತಲು ತಾನಾಗಿಯೇ ಕೂಡಿಬರುತ್ತದೆ.

ದಂಡಿನಿಂದ ಬರುವ ಅವಳ ಗಂಡನನ್ನೂ ಕುದುರೆಯನ್ನೂ ಇದರಲ್ಲೇ ತುರುಕುವ ಆಸೆಯಿದ್ದರೆ, ದಯವಿಟ್ಟು ಬೇರೆ ಹಲಗೆ ತೆಗೆದುಕೊಳ್ಳಿ.